ಅವ್ವನ ಕಂಬಕ್ಕೆ ಹೊಸ ಕಾರ್ಡು

ಫಕ್ಕೀರಪ್ಪನ ಕೈಯಲ್ಲಿ ಕೊಕ್ಕೆ ಮೇಲೆದ್ದ ಕೂಡಲೇ ಹತ್ತಿ ಮಾರುಕಟ್ಟೆಯ ನಡುವಿನ ಕಂಬದಲ್ಲಿ ಕೆಂಪು ದೀಪ ಹೊತ್ತಿಕೊಂಡಿತು. ಕಂಬದ ಕಣ್ಣು ಅವನ ಮುಖ ಗುರುತಿಸಿತು, ತೋಳಿನ ಬಿಗಿತ ಅಳೆಯಿತು, ದನಿಗಳ ಉಗ್ರಾಣದಲ್ಲಿ ಅವನ ತಾಯಿಯನ್ನು ಹುಡುಕಿತು. ಹುಡುಕುತ್ತಲೇ ಇತ್ತು. ಅಷ್ಟರಲ್ಲಿ ಮೂಟೆ ಎಳೆಯುವ ಆ ಕಬ್ಬಿಣದ ಕೊಕ್ಕೆ ಎದುರಿನ ಹಮಾಲನ ಹೆಗಲೊಳಗಿಳಿದು, ಮಾಂಸ ಹರಿದುಕೊಂಡು ಹೊರಬಂತು. ಬಿಳಿ ಹತ್ತಿಯ ರಾಶಿಯ ಮೇಲೆ ರಕ್ತ ಚಿಮ್ಮಿತು. ಎಲ್ಲ ಮುಗಿದ ಮೇಲೆ ಕಂಬ ಬಾಯಿಬಿಟ್ಟಿತು: "ಫ... ಫಕ್... ಕ್ಯಾ... ಬ್ಯಾ... ಡೋ..."

ಫಕ್ಕೀರಪ್ಪ ಕಂಬದತ್ತ ಉಗುಳಿದ. "ನಮ್ಮವ್ವ ಹಿಂಗ ಒದರತಿದ್ದಿಲ್ಲಲೇ! ಡಬ್ಬಿಯೊಳಗ ಕಪ್ಪಿ ಹೊಕ್ಕಂಗ ಐತಿ!"

ಕಡತದಲ್ಲಿ ಇದರ ಹೆಸರು ಮಾತೃಧ್ವನಿ ಕಲಹನಿವಾರಕ. ಹುಬ್ಬಳ್ಳಿಯ ಬಾಯಲ್ಲಿ ಅವ್ವನ ಕಂಬ. ಇದನ್ನು ಕಟ್ಟಿದ ವಿಜ್ಞಾನಿ ನಸೀಮಾ ಬೇಪಾರಿಯ ಸಿದ್ಧಾಂತ ಸರಳವಾಗಿತ್ತು. ಹೊಡೆಯಲು ಎತ್ತಿದ ಕೈ ಪೊಲೀಸರ ಸೀಟಿಗೆ ನಿಲ್ಲದು. ಹೆತ್ತವಳ ಗದರಿಕೆಗೆ ಅರೆಗಳಿಗೆಯಾದರೂ ತಡೆಯುತ್ತದೆ. ಅದಕ್ಕೆಂದೇ ಊರಿನವರೆಲ್ಲ ತಮ್ಮ ತಾಯಿಯ ದನಿಯ ತುಣುಕನ್ನು ಉಗ್ರಾಣಕ್ಕೆ ಕೊಟ್ಟಿದ್ದರು. ತಾಯಿ ತೀರಿಹೋಗಿದ್ದರೆ ಫೋನಿನಲ್ಲಿ ಉಳಿದ ಹಳೆಯ ಮಾತೂ ಆಗುತ್ತಿತ್ತು. ತುಣುಕು ಸಿಕ್ಕರೆ ಸಾಕು, ಯಂತ್ರ ಅದೇ ದನಿಯಲ್ಲಿ ಏನನ್ನು ಬೇಕಾದರೂ ಅಣಕಿಸಿ ನುಡಿಯಬೇಕಿತ್ತು. ತೊಡಕೊಂದೇ. ಸರ್ವರ ಅವ್ವಂದಿರಿಗೂ ಇದ್ದದ್ದು ಒಂದೇ ಸರ್ವರ್, ಅದೂ ಮುದಿಯ.

ಕಂಬದ ಪಕ್ಕದ ತಗಡಿನ ಕೋಣೆಯಲ್ಲಿ ನಸೀಮಾ ಹೊಸ ಗ್ರಾಫಿಕ್ಸ್ ಕಾರ್ಡು ಕೂರಿಸಲೆಂದು ಆ ಮುದಿಯನ ಹೊಟ್ಟೆ ಬಗೆದು ಕೂತಳು. ಕಾವಲಿಗಿದ್ದ ಹವಾಲ್ದಾರ್ ರುದ್ರಪ್ಪ ಬ್ಯಾಟರಿ ಬೆಳಕು ಹಿಡಿದ.

"ಗ್ರಾಫಿಕ್ಸ್ ಕಾರ್ಡ್ ಅಂದ್ರ ಚಿತ್ರ ತೆಗಿಯೂದಲ್ರೀ ಮೇಡಂ? ಅದಕ್ಕೂ ಅವ್ವನ ದನಿಗೂ ಏನ್ ಸಂಬಂಧ?"

"ಚಿತ್ರ ಅಂದ್ರೂ ಲೆಕ್ಕಾನ ರುದ್ರಪ್ಪಣ್ಣ, ದನಿ ಅಂದ್ರೂ ಲೆಕ್ಕಾನ. ಹಳೇ ಸರ್ವರ್ ಒಬ್ಬ ಶಾಣ್ಯಾ ಇದ್ದಂಗ, ಒಂದಾದ ಮ್ಯಾಲೊಂದು ಮಾಡ್ತಾನ. ಈ ಕಾರ್ಡು ಸಾವಿರ ದಡ್ಡರಿದ್ದಂಗ, ಎಲ್ಲಾರೂ ಒಮ್ಮೆಲೇ ಮಾಡ್ತಾರ."

"ಹಂಗಾದ್ರ ನಮ್ಮ ಸ್ಟೇಶನ್ನಿನಂಗ ಅನ್ರಿ."

ಕಾರ್ಡು ದಪ್ಪಗಿತ್ತು, ಮುಚ್ಚಳ ಕೂರಲಿಲ್ಲ, ತಗಡು ಕತ್ತರಿಸಬೇಕಾಯಿತು. ಕರೆಂಟಿನ ಪ್ಲಗ್ಗು ಸಲೀಸಾಗಿ ಹೊಕ್ಕಿತು. ಒಳಗಿನ ತಂತಿಗಳ ಕ್ರಮ ಮಾತ್ರ ತಿರುಗುಮುರುಗು. ಹಾಗೇ ಗುಂಡಿ ಒತ್ತಿದ್ದರೆ ಕಾರ್ಡು ಸುಟ್ಟು ಕರಕಲಾಗುತ್ತಿತ್ತು. ಅದನ್ನು ಕೊನೆಗಳಿಗೆಯಲ್ಲಿ ಕಂಡ ನಸೀಮಾ ಬೆವರೊರೆಸಿಕೊಂಡು ಬೇರೆ ತಂತಿ ಹೆಣೆದಳು. ಕರೆಂಟು ಹರಿದದ್ದೇ ತಡ, ಗುರುತಿಲ್ಲದ ಕಾರ್ಡೊಂದು ಒಳಬಂತೆಂದು ಬೆದರಿದ ಸರ್ವರಿನ ಫ್ಯಾನುಗಳೆಲ್ಲ ಪೂರ್ತಿ ವೇಗದಲ್ಲಿ ಬೊಬ್ಬಿರಿದವು.

"ಸೊಸಿ ಮನಿಗೆ ಬಂದ್ಲು, ಅತ್ತಿ ಒದರಾಕ್ಹತ್ತಿದ್ಲು!" ಎಂದ ರುದ್ರಪ್ಪ.

ಕೊನೆಗೆ ನಸೀಮಾ ಒಂದು ನಿಯಮ ಬರೆದಳು: ಎತ್ತಿದ ಕೈ ಇಳಿಯುವವರೆಗೂ ದನಿ ನಿಲ್ಲಬಾರದು.

ಜೈಲಿನ ಅನ್ನ ಉಂಡು ಹಿಂದಿರುಗಿದ ಫಕ್ಕೀರಪ್ಪ ಮೊದಲ ದಿನವೇ ತೂಕದವನ ಮೇಲೆ ಕೊಕ್ಕೆ ಎತ್ತಿದ. ಕೈ ಪೂರ್ತಿ ಏಳುವ ಮೊದಲೇ ಕಂಬ ಗುಡುಗಿತು: "ಫಕ್ಕ್ಯಾ! ಹಾಟ್ಯಾನ ಮಗನ, ಮುಟ್ಟಿ ನೋಡು, ಉಂಬಾಕ ಹಾಕೂದಿಲ್ಲ ನೋಡು!"

ಅದೇ ಏರುದನಿ, ಅದೇ ಎಲೆಯಡಿಕೆ ತುಂಬಿದ ಬಾಯಿ. ಕೊಕ್ಕೆ ಠಣ್ಣೆಂದು ಬಿತ್ತು. ಫಕ್ಕೀರಪ್ಪ ಕುಸಿದು ಕೂತು, ಅವ್ವ ಸತ್ತ ದಿನ ಅಳದಿದ್ದದ್ದನ್ನೂ ಸೇರಿಸಿ ಅತ್ತ. ಮಾರುಕಟ್ಟೆ ಚಪ್ಪಾಳೆ ತಟ್ಟಿತು.

ಮರುದಿನ ಫಕ್ಕೀರಪ್ಪ ಚಹಾದವನ ಹಲ್ಲು ಮುರಿದ. ಅದರ ಮಾರನೆಯ ದಿನ ಲಾರಿ ಚಾಲಕನ ಮೂಗು ಜಜ್ಜಿದ. ಅವನೊಬ್ಬನೇ ಅಲ್ಲ. ತಾಯಿಯಿಲ್ಲದವರೆಲ್ಲ ಆ ದನಿ ಕೇಳಲೆಂದೇ ಕಂಬದ ಬುಡಕ್ಕೆ ಬಂದು ಬಡಿದಾಡತೊಡಗಿದರು. ಸುಳ್ಳು ಜಗಳಕ್ಕೆ ಕಂಬ ಮೋಸ ಹೋಗುತ್ತಿರಲಿಲ್ಲ, ತೋಳಿನ ನರ ನಿಜಕ್ಕೂ ಬಿಗಿಯಬೇಕಿತ್ತು. ಹಾಗಾಗಿ ಕಲ್ಲು ನಿಜ, ಬಡಿಗೆ ನಿಜ, ಒಡೆದ ತಲೆಯೂ ನಿಜ.

"ಮೇಡಂ, ಮೊದಲ ಸಿಟ್ಟು ಬಂದು ಹೊಡೀತಿದ್ರು," ಎಂದ ರುದ್ರಪ್ಪ, ಅಂಗಿಯ ಮೇಲಿನ ಪರರ ರಕ್ತ ಒರೆಸುತ್ತ. "ಈಗ ಹೊಡ್ಯಾಕಂತ ಸಿಟ್ಟು ತರಿಸ್ಕೋತಾರ."

ಮಾತು ಮುಗಿಸಿ ಅವನು ತಗಡಿನ ಕೋಣೆಯಿಂದ ಹೊರಗೆ ಕಾಲಿಟ್ಟದ್ದೇ, ಫಕ್ಕೀರಪ್ಪನ ಎಡಗೈ ಅವನ ಕೊರಳು ಬಳಸಿತು. ಬಲಗೈಯ ಕೊಕ್ಕೆ ಮೇಲೆದ್ದಿತು.

"ಬ್ಯಾಡೋ ಫಕ್ಕ್ಯಾ! ಕೈ ಇಳಸೋ ನನ್ನಪ್ಪಾ!" ಕಂಬ ಅಂಗಲಾಚಿತು.

"ಇಳಸಿದ್ರ ನೀ ಹೋಗ್ತಿಯಲ್ಲವ್ವಾ!" ಎಂದು ಫಕ್ಕೀರಪ್ಪ ಕಿರುಚಿದ. ಕೊಕ್ಕೆಯ ತುದಿ ಹವಾಲ್ದಾರನ ಕುತ್ತಿಗೆಗೆ ತಾಗಿ ರಕ್ತ ಇಳಿಯಿತು.

ನಸೀಮಾ ಸರ್ವರಿನತ್ತ ತಿರುಗಿದಳು. ನಿಯಮ ತನ್ನದು. ಕರೆಂಟು ಕಿತ್ತರೆ ಅವ್ವ ಸಾಯುತ್ತಾಳೆ, ಅವಳ ಹಿಂದೆಯೇ ರುದ್ರಪ್ಪ. ನಿಯಮವನ್ನೇ ತಲೆಕೆಳಗು ಮಾಡಿದಳು. ಕಂಬ ಫಕ್ಕನೆ ಮೌನವಾಯಿತು. ಫಕ್ಕೀರಪ್ಪನ ಕಣ್ಣು ಕೆಂಡವಾದವು.

"ಇಳಸಿ ನೋಡಪ್ಪಾ!" ಬಾಗಿಲಿಗೆ ಓಡಿ ಬಂದು ಕೂಗಿದಳು. "ಒಮ್ಮೆ ಇಳಸಿ ನೋಡು!"

ಕೊಕ್ಕೆ ಅಳುಕುತ್ತ ಕೆಳಗಿಳಿಯಿತು.

"ಉಂಡ್ಯೇನೋ, ಫಕ್ಕ್ಯಾ?" ಎಂದಿತು ಕಂಬ, ಮೆಲ್ಲಗೆ.

ಆ ವಾರ ಮಾರುಕಟ್ಟೆಯಲ್ಲಿ ಒಂದು ಹನಿ ರಕ್ತ ಬೀಳಲಿಲ್ಲ. ಒಂದು ಮೂಟೆಯೂ ಏಳಲಿಲ್ಲ. ಕೈ ಎತ್ತಿದರೆ ಅವ್ವ ಸುಮ್ಮನಾಗುತ್ತಾಳೆಂದು ಹಮಾಲರೆಲ್ಲ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಂಬದ ಸುತ್ತ ಸರದಿ ಕಾಯುತ್ತ ಕೂತಿದ್ದರು. ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು ರುದ್ರಪ್ಪನೂ ಅವರ ನಡುವೆ ಇದ್ದ. ಹತ್ತಿ ಮಾರಿಸುವ ಅಡತಿ ಅಂಗಡಿಯ ಸಾವಕಾರ ಗುರುಶಾಂತಪ್ಪ ಹಲ್ಲು ಕಡಿಯುತ್ತ ಬಂದವನೇ ಫಕ್ಕೀರಪ್ಪನ ತಲೆಯ ಮೇಲೆ ಬಡಿಗೆ ಎತ್ತಿದ. ಈ ಕೈ ತಡೆಯಲು ಈಗ ಯಾವ ದನಿಯೂ ಇರಲಿಲ್ಲ.

ಫಕ್ಕೀರಪ್ಪ ಕದಲಲಿಲ್ಲ. ತಲೆಯೆತ್ತಿ ಅಂದ: "ಇಳಸ್ರೀ ಸಾವಕಾರ್ರ. ನಿಮ್ಮವ್ವನ್ನ ಯಾಕ ಕಾಯಸ್ತೀರಿ?"

ಬಡಿಗೆ ಗಾಳಿಯಲ್ಲಿ ನಿಂತೇ ಇತ್ತು. ಆಮೇಲೆ ಇಳಿಯಿತು.

"ಗುರ್ಯಾ," ಎಂದಿತು ಕಂಬ, "ಥಂಡಿಯೊಳಗ ಟೊಪಿಗಿ ಹಾಕ್ಕೊಂಡ್ಯೋ ಇಲ್ಲೋ?"

ಹೊರಗೆ ಲಾರಿಗಳು ಹಾರ್ನ್ ಹೊಡೆಯುತ್ತಲೇ ಇದ್ದವು. ಸಾವಕಾರ ಫಕ್ಕೀರಪ್ಪನ ಪಕ್ಕದಲ್ಲಿ ಒಂದಿಷ್ಟು ಜಾಗ ಮಾಡಿಕೊಂಡು ಕೂತ.