ಸೆರಗಿಗೆ ಬಿದ್ದ ಕಾಯಿ

"ಊಟ ಮಾಡು, ಕುಂಕುಮ ಹಚ್ಕೊ. ಉಡಿ ಮಾತ್ರ ತುಂಬಿಸ್ಕೊಳ್ಬೇಡ," ಎಂದ ರೂಪೇಶ, ಬೈಕನ್ನು ಗೇಟಿನ ಹೊರಗೇ ನಿಲ್ಲಿಸಿ.

"ಎಂತಕ್ಕೆ?" ಎಂದಳು ಇಲ್ಜೆ. ಮದುವೆಯಾಗಿ ಗಂಡನ ಊರು ಮಂಕಿಗೆ ಬಂದ ಮೇಲೆ ಅವಳು ಕಲಿತ ಮೊದಲ ಮಾತು ಅದು.

"ಎಂತಕ್ಕೂ ಅಲ್ಲ. ಬೇಡ, ಅಷ್ಟೆ."

ಅವಳು ನಕ್ಕಳು. ದೂರದ ರೀಗಾದಿಂದ ಬಂದವಳು, ಈ ಕರಾವಳಿಯ ಮನೆಗಳು, ಅಡುಗೆ, ಆಚಾರಗಳ ಬಗ್ಗೆ ತನ್ನ ದೇಶದ ಪತ್ರಿಕೆಗಳಿಗೆ ಬರೆಯುವವಳು. ಮುರ್ಡೇಶ್ವರದಲ್ಲಿ ಬೋಟಿನ ಎಂಜಿನ್ ಬಿಚ್ಚಿ ಜೋಡಿಸುವ ಗಂಡಸಿಗೆ ತೆಂಗಿನಕಾಯಿಯ ಭಯವೇ? ಅಷ್ಟು ಹೆದರಿಕೆಯಿದ್ದರೆ ಗೇಟು ಕಾಯುತ್ತ ಇಲ್ಲೇ ನಿಲ್ಲು ಎಂದು ಚುಡಾಯಿಸಿದಳು. ಡಿಪ್ಲೊಮಾ ಓದಿದ ರೂಪೇಶನಿಗೆ ಬಿಡಿಸಿ ಹೇಳಲು ನಾಚಿಕೆಯಾಯಿತು. ಗೇಟಿನ ಬಳಿಯೇ ಉಳಿದ.

ಹೊಳನಗದ್ದೆಯ ಆ ಮನೆ ಅವನ ದೊಡ್ಡಪ್ಪನ ಮಗ ಅಜಯನದು. ಹೊಸ ಮಹಡಿ ಎದ್ದಿತೆಂದು ಅಜಯನ ಹೆಂಡತಿ ವನಮಾಲಾ ಪಾರ್ಟಿ ಇಟ್ಟಿದ್ದಳು. ಅಜಯ ಚಿಕಿತ್ಸೆಗೆ ಮಂಗಳೂರಿಗೆ ಹೋಗಿದ್ದಾನೆ ಎಂದು ಬಂದವರಿಗೆಲ್ಲ ತಾನಾಗಿಯೇ ಹೇಳುತ್ತಿದ್ದಳು. ಊರಿನಲ್ಲಿ ಹಬ್ಬಿದ್ದ ಸುದ್ದಿ ಬೇರೆ. ಉಪ್ಪಿನ ಆಗರದ ಬದಿಯ ಜಾಗವನ್ನು ಅಜಯ ಒತ್ತಿಕೊಂಡನಂತೆ, ಕಳೆದುಕೊಂಡವರು ಮಾಟ ಮಾಡಿಸಿದರಂತೆ, ಎಷ್ಟು ನೀರು ಕುಡಿದರೂ ಅವನ ಬಾಯಾರಿಕೆ ತೀರುವುದಿಲ್ಲವಂತೆ.

ಅಂಗಳದಲ್ಲಿ ಬಣ್ಣದ ದೀಪ, ಸ್ಪೀಕರಿನ ಹಾಡು, ಬಂಗಡೆ ಹುರಿಯುವ ಘಮ. ಒಳಗೆ ಹೋದಂತೆ ಆ ಘಮದ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಸುಟ್ಟ ಮೆಣಸು, ಲೋಬಾನ, ಇಳಿತದ ಹೊತ್ತಿನ, ಉಪ್ಪುನೀರು ನಿಲ್ಲುವ ಗಜನಿ ಗದ್ದೆಯ ಕೆಸರು. ಇಲ್ಜೆ ಅದನ್ನೂ ಹಳೆ ಮನೆಯ ಸೊಗಸೆಂದೇ ತಿಳಿದಳು. ಫೋಟೊ ತೆಗೆದಳು.

ಮುಸ್ಸಂಜೆಗೆ ನಡುಮನೆಯಲ್ಲಿ ಉಡಿ ತುಂಬಲು ಹೆಂಗಸರನ್ನು ಕರೆದರು. ಹರಿವಾಣದಲ್ಲಿ ಅಕ್ಕಿ, ವೀಳ್ಯ, ಹಸಿರು ಬಳೆ, ರವಿಕೆಯ ಕಣ, ಸುಲಿದ ತೆಂಗಿನಕಾಯಿ. ಒಬ್ಬಳು ತನಗೆ ಸೂತಕ ಎಂದಳು. ಇನ್ನೊಬ್ಬಳಿಗೂ ಸೂತಕವೇ. ಮೂರನೆಯವಳು ಫೋನು ಕಿವಿಗಿಟ್ಟು ಅಂಗಳಕ್ಕೆ ಇಳಿದಳು. ಉಳಿದವರು ಸೆರಗನ್ನು ಸೊಂಟಕ್ಕೆ ಬಿಗಿದು ಗೋಡೆಗೆ ಒರಗಿದರು.

"ಇಡೀ ಊರಿಗೆ ಒಂದೇ ದಿನ ಸೂತಕ ಬಂತಾ?" ಎಂದಳು ವನಮಾಲಾ. ಯಾರೂ ನಗಲಿಲ್ಲ.

ಇಲ್ಜೆಗೆ ಅವಳನ್ನು ನೋಡಿ ಕರುಳು ಹಿಂಡಿತು. ಒಳಗೊಳಗೇ ಹೆಮ್ಮೆಯೂ ಆಯಿತು. ಇವರೇ ಕೈಬಿಟ್ಟ ಆಚಾರವನ್ನು ಹೊರಗಿನಿಂದ ಬಂದ ತಾನು ಉಳಿಸುವುದು! ಮುಂದೆ ಬಂದು ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು.

"ನನಗೆ ತುಂಬಿ, ಅತ್ತಿಗೆ."

ವನಮಾಲಾ ಅವಳ ಕಣ್ಣನ್ನೇ ನೋಡಿದಳು. "ಮನಸಾರೆ ತಗೊಳ್ತಿಯಾ, ತಂಗೀ?"

"ಮನಸಾರೆ."

ಕರೆಂಟು ಹೋಯಿತು. ಹಾಡು ಸತ್ತಿತು. ಆಗ ಕೇಳಿಸಿತು. ಪಕ್ಕದ ಮುಚ್ಚಿದ ಕೋಣೆಯೊಳಗೆ ಯಾರೋ ನೀರು ಕುಡಿಯುತ್ತಿದ್ದರು. ಗಟಗಟ. ಗಟಗಟ. ಉಸಿರಿಗೂ ಬಿಡುವಿಲ್ಲ. ಮಂಗಳೂರಿಗೆ ಯಾರೂ ಹೋಗಿರಲಿಲ್ಲ. ಇಲ್ಜೆ ಏಳಲು ನೋಡಿದಳು. ಹೆಗಲ ಮೇಲೆ ಒದ್ದೆ ಕೈ. ಅಕ್ಕಿ ಬಿತ್ತು. ಬಳೆ ಬಿದ್ದವು. ಕಾಯಿ ಬಿತ್ತು. ಕಲ್ಲಿನಷ್ಟು ಭಾರ.

ಒಳಗಿನ ಸದ್ದು ನಿಂತಿತು.

ಕತ್ತಲಲ್ಲಿ ವನಮಾಲಾ ಅಳುತ್ತಿದ್ದಳು. ಖುಷಿಗೆ ಅಳುವವರ ಹಾಗೆ.

ಹಿಂದಿರುಗುವಾಗ ಹಳದೀಪುರದಲ್ಲಿ ರೂಪೇಶ ಬೈಕು ನಿಲ್ಲಿಸಿ ನೀರಿನ ಬಾಟಲಿ ಕೊಂಡ. ಮತ್ತೊಂದು ಕೊಂಡ. "ಎಂತ ನೀರು ಇದು, ಬರೀ ಉಪ್ಪು," ಎಂದು ಉಗುಳಿದ. ಅವಳ ಮಡಿಲಲ್ಲಿದ್ದ ಗಂಟು ಅವನ ಕಣ್ಣಿಗೆ ಬಿದ್ದದ್ದು ಆಗ. ಮೂರನೆಯ ಬಾಟಲಿ ಕೊಂಡ.

ಬೆಳಿಗ್ಗೆ ಇಲ್ಜೆ ಕಾಯಿ ಒಡೆದಳು. ನೀರಿಲ್ಲ, ಕೊಬ್ಬರಿಯಿಲ್ಲ. ಬಿಳಿ ಉಪ್ಪು. ಉಪ್ಪಿನೊಳಗೆ ಕೂದಲಿನ ಸಿಂಬೆ. ಅವಳ ನಗು ಅಲ್ಲಿಗೆ ಮುಗಿಯಿತು.

ರೂಪೇಶ ಕೊಡವನ್ನೇ ಬಾಯಿಗೆ ಎತ್ತಿಕೊಳ್ಳತೊಡಗಿದ. ಹಣೆಯ ಬೆವರು ಒಣಗಿ ಬಿಳಿ ಹರಳಾಗುತ್ತಿತ್ತು. ತುಟಿ ಸೀಳಿತು. ಡಾಕ್ಟರು ಡ್ರಿಪ್ ಹಾಕಿ, ಪರೀಕ್ಷೆ ಮಾಡಿಸಿ, ರಿಪೋರ್ಟಿನಲ್ಲಿ ಏನೂ ಇಲ್ಲವೆಂದರು. ತನ್ನ ಕಣ್ಣೆದುರೇ ಗಂಡ ಒಣಗಿದ ಮೀನಾಗುತ್ತಿದ್ದಾನೆ ಎಂದು ತಿಳಿದ ದಿನ ಅವಳು ಬಸ್ಸು ಹತ್ತಿ ಹೊಳನಗದ್ದೆಗೆ ಹೋದಳು.

ಅಜಯ ಜಗುಲಿಯಲ್ಲಿ ಕುಳಿತು ಕಲ್ಲಂಗಡಿ ತಿನ್ನುತ್ತಿದ್ದ. ಅವಳನ್ನು ಕಂಡು ಮುಖ ಆಚೆ ತಿರುಗಿಸಿದ. ವನಮಾಲಾ ಮಾತ್ರ ಬಾಗಿಲಿಗೆ ಬಂದಳು. ನೀನೇ ಸೆರಗು ಒಡ್ಡಿದ್ದು, ನಾನು ಕೇಳಿಯೇ ಹಾಕಿದ್ದು ಎಂದಳು. ಅವಳ ದನಿಯಲ್ಲಿ ಹಗೆಯೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ.

"ದಾರಿ ಎರಡೇ, ತಂಗೀ. ಇನ್ನೊಬ್ಬ ಮುತ್ತೈದೆ ಮನಸಾರೆ ತಗೋಬೇಕು. ಆ ಮಾಟ ಹೆಂಡ್ತಿ ಕೈಯಿಂದ ಹೆಂಡ್ತಿ ಕೈಗೇ ಹೋಗೋದು. ಇಲ್ಲಾಂದ್ರೆ ಗಂಡ ಬದುಕಿದ್ದಾಗ್ಲೇ ಅವನ ಎದುರು ತಾಳಿ ತೆಗೆದು ಬಳೆ ಒಡೀಬೇಕು. ಆಮೇಲೆ ಅವನ ಪಾಲಿಗೆ ನೀ ಸತ್ತ ಹಾಗೆ. ಮುಖ ನೋಡೂಕಿಲ್ಲ."

"ನೀವು ಯಾಕೆ ಒಡೀಲಿಲ್ಲ?"

"ನಂಗೆ ಮನಸ್ಸು ಬರ್ಲಿಲ್ಲ."

ಮನೆಗೆ ಬಂದು ಎಲ್ಲವನ್ನೂ ರೂಪೇಶನಿಗೆ ಹೇಳಿದಳು. ಅವನು ಚಾಪೆಯ ಮೇಲೆ ಮಲಗಿಯೇ ಕೇಳಿದ. ಬಿರಿದ ತುಟಿ ಅಲುಗಿತು.

"ನಿನ್ನ ತಂಗಿ ಬರ್ತಾಳೆ ಅಂದಿದ್ಯಲ್ಲ. ಗಂಡನ ಸಂಗ್ತಿಗೆ, ಇಬ್ರೂ. ನಮ್ಮ ಮನೆ, ಪದ್ಧತಿ ಎಲ್ಲ ನೋಡ್ಬೇಕು ಅಂತ."

ಇಲ್ಜೆಗೆ ಮೈ ತಣ್ಣಗಾಯಿತು. ಕಾಯಿ ಒಡೆದಾಗಲೂ ಅಷ್ಟು ತಣ್ಣಗಾಗಿರಲಿಲ್ಲ.

ಅವಳು ಕೆಳಗೆ ಕುಳಿತಳು. ತಾಳಿಯನ್ನು ಕತ್ತಿನಿಂದ ತೆಗೆದು ಅವನ ತಲೆಯ ಹತ್ತಿರ ಇಟ್ಟಳು. ಅಡುಗೆಮನೆಯಿಂದ ರುಬ್ಬುಗುಂಡು ತಂದು, ಬಾಗಿಲಲ್ಲಿ ಕುಳಿತು ಕೈಯನ್ನು ಹೊಸ್ತಿಲ ಮೇಲೆ ಚಾಚಿ, ಗುಂಡು ಎತ್ತಿ, ಕಾದಳು. ಅವನು ತಡೆಯುತ್ತಾನೆ ಎಂದು ಕಾದಳು. ರೂಪೇಶ ಬಳೆಗಳನ್ನೇ ನೋಡುತ್ತಿದ್ದ. ರೆಪ್ಪೆ ಮಿಟುಕಿಸದೆ.

ಗುಂಡು ಇಳಿಯಿತು. ಗಾಜು ಸಿಡಿಯಿತು. ಮಣಿಕಟ್ಟಿನಿಂದ ರಕ್ತ. ಇನ್ನೊಂದು ಕೈ. ಇನ್ನೊಂದು ಏಟು.

ಹಿಂದೆ ನೀರು ಬಗ್ಗಿಸಿದ ಸದ್ದಾಯಿತು. ಒಂದು ಗುಟುಕು. ಎರಡು. ಲೋಟ ಕೆಳಗಿಟ್ಟ ಸದ್ದು.

"ಸಿಹಿ," ಎಂದ ರೂಪೇಶ, ನೀರಿಗೆ.

ಅವಳು ತಿರುಗಿ ನೋಡುವ ಹಾಗಿರಲಿಲ್ಲ. ಮೆಟ್ಟಿಲು ಇಳಿದಳು. ಅವನು ಮತ್ತೊಂದು ಲೋಟ ಬಗ್ಗಿಸಿಕೊಂಡ.