ಅಮ್ಮನ ವಿಪಿಎನ್ ಕೈಕೊಟ್ಟ ಸೋಮವಾರ

ಕಂಪ್ಯೂಟರಿನ ಒಳಗುಟ್ಟು ನನಗೆ ಪೂರ್ತಿ ತಿಳಿಯದು. ಆದರೂ ಈ ಕತೆ ಹೇಳುವ ಧೈರ್ಯ ಮಾಡಿದ್ದೇನೆ. ಎಲ್ಲಾದರೂ ತಪ್ಪಿದರೆ ಮಕ್ಕಳೇ, ಮನ್ನಿಸಿ.

“ಮತ್ತೆ ಕೆಂಪು!” ಅಮ್ಮ ಮೇಜು ಗುದ್ದಿದಳು. “ಕೋಡ್ ತಪ್ಪಂತೆ!”

ಮಗಳು ಡಾರ್ಕಾ ತಿನ್ನುತ್ತಿದ್ದ ಬ್ರೆಡ್ಡು ಬಿಟ್ಟು ಲ್ಯಾಪ್‌ಟಾಪ್ ಬಳಿಗೆ ಓಡಿದಳು.

ಅಮ್ಮ ಡಾಫಿನ್ ಊರಿನ ಮನೆಯಲ್ಲೇ ಕುಳಿತು ಬಹು ದೂರದ ವಿನ್ನಿಪೆಗ್ ನಗರದ ಒಂದು ಆಸ್ಪತ್ರೆಗೆ ಕೆಲಸ ಮಾಡುತ್ತಿದ್ದಳು. ಯಾವ ರೋಗಿ ಯಾವ ಡಾಕ್ಟರನ್ನು ಯಾವಾಗ ನೋಡಬೇಕೆಂದು ಗೊತ್ತುಮಾಡುವ ಕೆಲಸ. ರೋಗಿಗಳ ವಿಷಯ ಬೇರೆಯವರ ಕಣ್ಣಿಗೆ ಬೀಳಬಾರದಲ್ಲ? ಅದಕ್ಕೇ ವಿಪಿಎನ್. ಅದು ಮನೆಯಿಂದ ಆಸ್ಪತ್ರೆಯವರೆಗೆ ಕೊರೆದ ಗುಟ್ಟಿನ ಸುರಂಗದ ಹಾಗೆ. ಅದರ ಬಾಗಿಲು ತೆರೆಯಲು ಅಮ್ಮನ ಹಳೇ ಫೋನಿನಲ್ಲಿ ಮೂಡುವ ಕೋಡ್ ಬೇಕು. ಅದು ಆಗಾಗ ಬದಲಾಗುತ್ತಲೇ ಇರುತ್ತದೆ.

“ಎಂಟಕ್ಕೆ ಒಳಗಿರ್ಬೇಕು ಕಣೇ. ಇನ್ನೊಂದ್ಸಲ ಲೇಟಾದ್ರೆ ವಿನ್ನಿಪೆಗ್‌ಗೇ ಬಂದು ಕೂತ್ಕೋ ಅಂದಿದಾರೆ.”

ವಿನ್ನಿಪೆಗ್‌ಗೆ ದಿನಾ ಹೋಗಿಬರಲು ಆಗುವುದಿಲ್ಲ. ಅಮ್ಮ ಅಲ್ಲೇ ಉಳಿಯಬೇಕಾಗುತ್ತದೆ.

“ಇಂಟರ್ನೆಟ್ ಇದೆಯಾ?”

“ಇದೆ. ತಾತ ವಿಡಿಯೋ ನೋಡ್ತಿಲ್ವಾ?”

ರೌಟರ್ ಆಫ್ ಮಾಡಿ ಆನ್ ಮಾಡಿದರು. ಕೆಂಪು. ಲ್ಯಾಪ್‌ಟಾಪನ್ನೂ ಹಾಗೇ ಮಾಡಿದರು. ಕೆಂಪೇ.

“ನಾಲ್ಕು ಏಟು ಹಾಕು,” ಸೋಫಾದಿಂದ ತಾತ ಕೂಗಿದರು. “ನನ್ನ ಟ್ರ್ಯಾಕ್ಟರು ಹಂಗೇ ಸ್ಟಾರ್ಟ್ ಆಗ್ತಿದ್ದಿದ್ದು!”

“ಅಪ್ಪಾ, ಸುಮ್ನಿರು!” ಅಮ್ಮ ಹೊಸ ಕೋಡ್ ನೋಡಲು ಫೋನ್ ಎತ್ತಿದವಳು ಕಿರುಚಿದಳು. “ಅಯ್ಯೋ, ಎಂಟು ಮುಕ್ಕಾಲು! ನಿನ್ನ ಬಸ್ಸೂ ಹೋಯ್ತು, ನನ್ನ ಕೆಲಸಾನೂ ಹೋಯ್ತು!”

“ಬಸ್ ಇನ್ನೂ ಬಂದೇ ಇಲ್ಲಮ್ಮ.”

ಡಾರ್ಕಾ ಲ್ಯಾಪ್‌ಟಾಪಿನ ಮೂಲೆ ನೋಡಿದಳು. ಏಳು ಮುಕ್ಕಾಲು!

ಅವಳಿಗೆ ನಿನ್ನೆಯ ಭಾನುವಾರ ನೆನಪಾಯಿತು. ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು ಪ್ರತಿ ಮಾರ್ಚ್‌ನಲ್ಲಿ ಊರಿಗೆ ಊರೇ ಗಡಿಯಾರಗಳನ್ನು ಒಂದು ಗಂಟೆ ಮುಂದಿಡುತ್ತದೆ, ನವೆಂಬರಿನಲ್ಲಿ ಮತ್ತೆ ಹಿಂದಿಡುತ್ತದೆ. ಅವರ ಮನೆಯಲ್ಲಿ ಅದು ತಾತನ ಹಕ್ಕು. ಗೋಡೆಯದು, ಕರೆಂಟ್ ಒಲೆಯ ಮೇಲಿನದು ಎಲ್ಲ ಮುಗಿಸಿ, ಶಿಳ್ಳೆ ಹಾಕುತ್ತಾ ಕಿಟಕಿಯ ಬಳಿಯಿದ್ದ ಈ ಫೋನನ್ನೂ ಎತ್ತಿಕೊಂಡಿದ್ದರು. ಫೋನು ತಾನಾಗಿಯೇ ಆಗಲೇ ಮುಂದೆ ಹೋಗಿತ್ತು. ತಾತ ಇನ್ನೊಂದು ಗಂಟೆ ಸೇರಿಸಿದ್ದರು!

ಕೋಡ್ ಹುಟ್ಟುವುದೇ ಫೋನಿನ ಗಡಿಯಾರದಿಂದ. ಗಡಿಯಾರ ತಪ್ಪಿದರೆ ಕೋಡೂ ತಪ್ಪು.

ಡಾರ್ಕಾ ಸಮಯ ಸರಿಮಾಡಿದಳು. “ಈಗ ಹಾಕು.”

ಹಸಿರು!

“ಬಂತು! ಬಂತು!” ಅಮ್ಮ ಕುಣಿದಳು.

“ತಡಿ, ಚೆಕ್ ಮಾಡೋಣ,” ಎಂದಳು ಡಾರ್ಕಾ. ಸುರಂಗ ತೆರೆದಿದ್ದರೆ ಅವರು ವಿನ್ನಿಪೆಗ್‌ನಲ್ಲೇ ಇರುವ ಹಾಗೆ ಕಾಣಬೇಕು. ನಾವು ಎಲ್ಲಿಂದ ಇಂಟರ್ನೆಟ್ಟಿಗೆ ಬಂದಿದ್ದೇವೆಂದು ತೋರಿಸುವ ಪುಟದಲ್ಲಿ ಇನ್ನೂ ‘ಡಾಫಿನ್’ ಎಂದೇ ಇತ್ತು. ಅಮ್ಮನ ಕುಣಿತ ನಿಂತಿತು. ಅದು ಮೊದಲೇ ತೆರೆದಿಟ್ಟ ಪುಟ. ಡಾರ್ಕಾ ರಿಫ್ರೆಶ್ ಒತ್ತಿದಳು.

‘ವಿನ್ನಿಪೆಗ್.’

ಆಸ್ಪತ್ರೆಯ ಪುಟವೂ ತೆರೆಯಿತು. ರೋಗಿಗಳ ಹೆಸರು ಒಂದರ ಕೆಳಗೊಂದು ಬಂದವು. ಎಂಟಕ್ಕೆ ಇನ್ನೂ ಸಮಯವಿತ್ತು!

“ನನ್ನ ಇಂಜಿನಿಯರೇ!” ಅಮ್ಮ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿದಳು. “ಅಲ್ಲ, ಆ ಫೋನಿಗೇನಾಗಿತ್ತು?”

ಸೋಫಾದಲ್ಲಿ ವಿಡಿಯೋ ನಿಂತಿತ್ತು. ತಾತ ತಮ್ಮ ಚಪ್ಪಲಿಗಳನ್ನೇ ನೋಡುತ್ತಿದ್ದರು.

“ಗಡಿಯಾರ ಮುಂದಿತ್ತು ಅಷ್ಟೇ,” ಎಂದಳು ಡಾರ್ಕಾ. ಹೊರಗೆ ಬಸ್ಸಿನ ಹಾರ್ನ್ ಕೇಳಿತು. ಬ್ಯಾಗ್ ಎತ್ತಿಕೊಂಡು ಬಾಗಿಲಲ್ಲಿ ತಿರುಗಿದಳು. “ತಾತಾ, ಕಾರಿನ ಗಡಿಯಾರ ಇನ್ನೂ ಹಿಂದೇ ಇದೆ. ಅದು ತಾನಾಗೇ ಸರಿಹೋಗಲ್ಲ. ನೀನೇ ಮಾಡ್ಬೇಕು.”

ತಾತ ಆಗಲೇ ಬೂಟು ಹುಡುಕುತ್ತಿದ್ದರು. ಬಸ್ಸಿನ ಕಿಟಕಿಯಿಂದ ಡಾರ್ಕಾ ನೋಡಿದಳು: ಹಿಮ ಮುಚ್ಚಿದ ಕಾರಿನೊಳಗೆ ಕುಳಿತು ಅವರು ಶಿಳ್ಳೆ ಹಾಕುತ್ತಿದ್ದರು.

ನವೆಂಬರಿನಲ್ಲಿ ಗಡಿಯಾರಗಳನ್ನು ಹಿಂದಿಡುವಾಗ ತಾತ ಆ ಫೋನನ್ನು ಮುಟ್ಟದೆ ಬಿಟ್ಟರೋ ಇಲ್ಲವೋ, ನನಗೆ ಗೊತ್ತಿಲ್ಲ.