ಅಕ್ಕನ ಹಾವಸೆ, ಮುರಳಿಯ ಸೂಜಿ

"ನಮ್ಮಕ್ಕ ಹೇಳಿದ್ದೆಲ್ಲ ಸುಳ್ಳು ಅಂತ ಬರ್ದಿದ್ದು ನೀವೇನಾ?"

ಹೇಮಶ್ರೀ ಬೆಚ್ಚಿ ತಲೆ ಎತ್ತಿದಳು. ಗಿಡಗಳ ಪರೀಕ್ಷೆ ಮಾಡುವ ಸವಳಂಗ ರಸ್ತೆಯ ಆ ಪುಟ್ಟ ಲ್ಯಾಬಿಗೆ ಇಲ್ಲಿಯವರೆಗೆ ಯಾರೂ ಹೀಗೆ ಬಾಗಿಲು ತಳ್ಳಿಕೊಂಡು ಬಂದಿರಲಿಲ್ಲ! ಎದುರಿಗೆ ಮೂವತ್ತರ ಆಸುಪಾಸಿನ ಗಂಡಸು. ಉಗುರಿನ ಸಂದಿಯಲ್ಲಿ ಗ್ರೀಸು. ಕಂಕುಳಲ್ಲಿ ಒಂದು ಸೀರೆ ಡಬ್ಬ.

"ನಾನು ಮುರಳಿ. ಭದ್ರಾವತೀಲಿ ಲೇತ್ ಕೆಲ್ಸ. ಧನಲಕ್ಷ್ಮಿ ತಮ್ಮ."

ಆ ಹೆಸರು ಅವಳಿಗೆ ಚೆನ್ನಾಗಿ ನೆನಪಿತ್ತು. ಭದ್ರಾವತಿಯ ಹೈಸ್ಕೂಲ್ ಟೀಚರ್. ಹಳೇ ಗೋಡೆ, ಚರಂಡಿ ಎಲ್ಲ ಕೆರೆದು ಹಾವಸೆ, ಅಂದರೆ ಹಸಿರು ಪಾಚಿ, ಕೂಡಿಡುವ ಹುಚ್ಚು. ಒಂದು ಹಳೇ ಗೋಡೌನಿನ ಗೋಡೆಯ ಮೇಲೆ ಸಿಕ್ಕಿದ್ದು ಮಾಮೂಲಿ ಹಾವಸೆಯಲ್ಲ, ಬೇರೆಯದೇ ಜಾತಿ, ಎಲೆಯ ತುದಿಯಲ್ಲಿ ಬಿಳಿ ಕೂದಲಿದೆ ನೋಡಿ ಎಂದು ಪೊಟ್ಟಣದ ಜೊತೆ ಟೈಪ್ ಮಾಡಿಸಿದ ಪತ್ರ ಕಳಿಸಿದ್ದರು. ಹೇಮಶ್ರೀ ಒಂದು ಚಿಟಿಕೆ ಅರೆದು, ಡಿಎನ್‌ಎ ಪರೀಕ್ಷೆ ಮಾಡಿ, ಎರಡೇ ಸಾಲು ಉತ್ತರಿಸಿದ್ದಳು. ಇದು ಮಾಮೂಲಿ ಹಾವಸೆಯೇ. ಹೊಸದೇನಿಲ್ಲ.

"ನಿಮ್ಮ ಕಾಗದ ಬಂದಾಗ ಅಕ್ಕ ಕ್ಯಾನ್ಸರ್ ಬಂದು ಹಾಸಿಗೆ ಹಿಡ್ದಿದ್ಲು. ಆಮೇಲೆ ಇದ್ದಿದ್ದು ಹನ್ನೊಂದೇ ದಿನ. ಒಂದೇ ಮಾತು ಕೇಳ್ತೀನಿ ಮೇಡಂ. ಅವಳು ಹೇಳಿದ್ದು ತಪ್ಪಾ?"

ಅಯ್ಯೋ... ಹೋಗೇಬಿಟ್ಟರಾ!

ಆದರೂ ಹೇಮಶ್ರೀ ತಾನು ನಂಬಿದ್ದನ್ನೇ ಹೇಳಿದಳು. "ಡಿಎನ್‌ಎ ಸುಳ್ಳು ಹೇಳಲ್ಲ."

"ಅಕ್ಕನೂ ಹೇಳ್ತಿರ್ಲಿಲ್ಲ."

ಅವನು ಡಬ್ಬವನ್ನು ಮೇಜಿನ ಮೇಲಿಟ್ಟ. ಒಳಗೆ ಇನ್ನೂರಕ್ಕೂ ಹೆಚ್ಚು ಕಾಗದದ ಪೊಟ್ಟಣಗಳು, ಒಂದೊಂದರ ಮೇಲೂ ಹಾವಸೆ ಸಿಕ್ಕ ಜಾಗದ ಟಿಪ್ಪಣಿ. "ಮನೇಲಿದ್ರೆ ಜಿರಲೆ ಪಾಲಾಗತ್ತೆ. ಇಲ್ಲೇ ಇರ್ಲಿ."

ಧನಲಕ್ಷ್ಮಿಯ ಅಕ್ಷರವೋ, ಕೋಳಿ ಕೆದರಿದ ಹಾಗೆ! ಓದಬಲ್ಲವನು ಮುರಳಿ ಒಬ್ಬನೇ. ಹಾಗಾಗಿ ಪ್ರತಿ ಶನಿವಾರ ಮಧ್ಯಾಹ್ನ ಅವನು ಭದ್ರಾವತಿಯಿಂದ ಬಸ್ಸು ಹತ್ತಿ ಬರತೊಡಗಿದ. ಅವನು ಓದುತ್ತಿದ್ದ, ಅವಳು ಟೈಪ್ ಮಾಡುತ್ತಿದ್ದಳು.

"ಬಚ್ಚಲ ಹಿಂದೆ, ಎಡಗಡೆ. ಪುಟ್ಟಯ್ಯನ ಹಸು ನೆಕ್ಕೋದ್ರೊಳಗೆ ಕೆರೆದದ್ದು."

"ಹಂಗೇ ಬರ್ದಿದಾರಾ?"

"ಹಂಗೇ!"

ಇಬ್ಬರೂ ನಕ್ಕರು. ನಗುತ್ತಲೇ ಅವನ ಕಣ್ಣು ತುಂಬಿತು. ಅವಳು ನೀರಿನ ಲೋಟ ಅವನತ್ತ ಸರಿಸಿದಳು.

ಪ್ರೀತಿ ಯಾವ ಶನಿವಾರ ಶುರುವಾಯಿತೆಂದು ಕೇಳಬೇಡಿ, ಅದು ಅವರಿಬ್ಬರಿಗೂ ಗೊತ್ತಿಲ್ಲ. ಬಸ್ಸು ತಡವಾದರೆ ಹೇಮಶ್ರೀ ಕಿಟಕಿ ಬಿಟ್ಟು ಅಲುಗುತ್ತಿರಲಿಲ್ಲ ಎಂಬುದಂತೂ ನಿಜ.

ಒಂದು ಶನಿವಾರ ಅವನು ಕಾಗದದಲ್ಲಿ ಸುತ್ತಿದ ಏನನ್ನೋ ಕೊಟ್ಟ. ಸೂಜಿ!

"ಹಾವಸೆ ಬಿಡ್ಸೋ ನಿಮ್ಮ ಸೂಜಿ ಮೊಂಡು. ಸೈಕಲ್ ಕಡ್ಡಿ ಉಜ್ಜಿ ಉಜ್ಜಿ ಮಾಡ್ದೆ."

ಅಂಥ ಚೂಪು ತುದಿಯನ್ನು ಅವಳು ಕಂಡಿರಲಿಲ್ಲ. ಅವನು ಹೋದ ಮೇಲೆ ಆಸೆ ತಡೆಯದೆ ಗೋಡೌನಿನ ಪೊಟ್ಟಣವನ್ನೇ ಬಿಚ್ಚಿದಳು. ಒಣಗಿದ ಹಾವಸೆಗೆ ನೀರು ಹನಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಮುದುಡಿದ್ದ ಎಲೆಗಳು ಮೆಲ್ಲಗೆ ಬಿಚ್ಚಿಕೊಂಡವು. ಸೂಜಿಯಿಂದ ಎಳೆ ಬಿಡಿಸಿದಳು.

ಒಂದಲ್ಲ... ಎರಡು!

ಒಂದಕ್ಕೊಂದು ಹೆಣೆದುಕೊಂಡ ಎರಡು ಬಗೆಯ ಹಾವಸೆಗಳು. ಒಂದು ಮಾಮೂಲಿ. ಇನ್ನೊಂದರ ಪ್ರತಿ ಎಲೆಯ ತುದಿಯಲ್ಲೂ ಬಿಳಿ ಕೂದಲು.

ಹಾಗಾದರೆ ಅವತ್ತು ನಾನು ಅರೆದದ್ದು ಬರೀ ಮಾಮೂಲಿ ಎಳೆಗಳನ್ನಾ...?

ಡಿಎನ್‌ಎ ಇದೆಯಲ್ಲ ಎಂಬ ಜಂಬದಲ್ಲಿ ಅವಳು ಅವತ್ತು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ. ಕೂದಲಿದ್ದ ಎಳೆಗಳನ್ನಷ್ಟೇ ಆರಿಸಿ ಮತ್ತೆ ಪರೀಕ್ಷೆಗೆ ಹಾಕಿದಳು. ಶುಕ್ರವಾರ ಫಲಿತಾಂಶ ಬಂತು. ಬೇರೆಯದೇ ಜಾತಿ. ಧನಲಕ್ಷ್ಮಿ ಹೇಳಿದ್ದು ಸರಿ.

ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಮುರಳಿ ನನಗೆ ಉಳಿಯುವುದಿಲ್ಲ...

ಶನಿವಾರ ಅವನು ಕೂರುವ ಮೊದಲೇ ಎಲ್ಲ ಹೇಳಿಬಿಟ್ಟಳು.

ಅವನು ಕೂಗಾಡಲಿಲ್ಲ. "ಆ ಹನ್ನೊಂದು ದಿನ ಅಕ್ಕ ಒಂದು ಪೊಟ್ಟಣಾನೂ ಮುಟ್ಲಿಲ್ಲ. 'ನನ್ನ ಕಣ್ಣು ನಂಬಿ ಕೆಟ್ಟೆ ಕಣೋ' ಅಂದ್ಲು. ನಿಮಗೆ ಒಂದ್ಸಲ ನೋಡಕ್ಕಾಗ್ಲಿಲ್ವಾ?"

"ಆಗ್ತಿತ್ತು... ನೋಡ್ಲಿಲ್ಲ."

ಅವನು ಎದ್ದು ಹೋದ. ಮೂರು ಶನಿವಾರ ಬರಲಿಲ್ಲ.

ನಾಲ್ಕನೆಯ ಶನಿವಾರ ಅವಳೇ ಭದ್ರಾವತಿ ಬಸ್ಸು ಹತ್ತಿದಳು. ಲೇತ್ ಶೆಡ್ಡಿನ ಬಾಗಿಲಲ್ಲಿ ನಿಂತು ಕಾಗದ ಚಾಚಿದಳು. "ವಿಜ್ಞಾನ ಪತ್ರಿಕೆಗೆ ಕಳ್ಸಿದ್ದು. ಕನ್ನಡದಲ್ಲೂ ಬರ್ಕೊಂಡು ಬಂದಿದೀನಿ."

"ನನಗ್ಯಾಕೆ? ಅವಳಿಗೆ ಓದಿ ಹೇಳಿ."

ಹಿಂದೆಯೇ ಮನೆ. ಗೋಡೆಯಲ್ಲಿ ಹಾರ ಹಾಕಿದ ಫೋಟೋ. ಹೇಮಶ್ರೀ ಅದರ ಎದುರು ನಿಂತು ಓದಿದಳು.

"ಧನಲಕ್ಷ್ಮಿಯವರು ಕಣ್ಣಿಂದ ಗುರುತಿಸಿದ ವ್ಯತ್ಯಾಸ ನಿಜ. ಡಿಎನ್‌ಎ ಕೂಡ ಅದನ್ನೇ ಹೇಳುತ್ತದೆ. ಮೊದಲ ವರದಿಯ ತಪ್ಪು ನನ್ನದು. ಅರೆಯುವ ಮುನ್ನ ನಾನು ನೋಡಲಿಲ್ಲ. ಹೇಮಶ್ರೀ."

ಕೇಳಬೇಕಾದವಳು ಇರಲಿಲ್ಲ. ಆ ಗೋಡೌನಿನ ಗೋಡೆಯನ್ನೂ ಕೆಡವಿಯಾಗಿತ್ತು. ಮುರಳಿ ಫೋಟೋದ ಹಾರ ಸರಿಪಡಿಸಿದ.

"ನಿಮ್ಮೇಲಿನ ಸಿಟ್ಟು ಹೋಗಿಲ್ಲ. ಹೋಗತ್ತೋ ಇಲ್ವೋ ಗೊತ್ತಿಲ್ಲ."

"ಹೋಗ್ದಿದ್ರೂ ಸರಿ... ನೀವಂದ್ರೆ ನನಗಿಷ್ಟ ಮುರಳಿ. ಅದನ್ನೂ ಮುಚ್ಚಿಡ್ಬಾರ್ದು ಅಂತ ಬಂದೆ."

ಅವಳು ಹೊರಬಂದು ಚಪ್ಪಲಿ ಮೆಟ್ಟಿಕೊಂಡಳು.

"ಹೇಮಾ..."

ಮೇಡಂ ಅಲ್ಲ, ಹೇಮಾ! ಅವಳು ಗಕ್ಕನೆ ನಿಂತಳು.

"ಮೂರು ಶನಿವಾರಾನೂ ಬಸ್‌ಸ್ಟ್ಯಾಂಡ್ ತನಕ ಹೋಗಿ ವಾಪಸ್ ಬಂದೆ."

ಅವಳಿಗೆ ಕಣ್ಣೀರು ತಡೆಯಲಾಗಲಿಲ್ಲ. "ಮುಂದಿನ ಶನಿವಾರ?"

"ಓದೋದು ಇನ್ನೆಷ್ಟು ಪೊಟ್ಟಣ ಇದೆ?"

"ಒಂದೂ ಇಲ್ಲ. ಉಳಿದಿದ್ದನ್ನ ನಾನೇ ತಡವರಿಸಿ ಓದಿ, ಸೂಜೀಲಿ ಬಿಡ್ಸಿ ನೋಡಿ ಮುಗ್ಸಿದೆ."

ಅವನು ಒರಟು ಅಂಗೈಯಿಂದ ತನ್ನ ಕಣ್ಣೊರೆಸಿಕೊಂಡ.

"ಹಂಗಾದ್ರೆ ಸೂಜಿ ಮೊಂಡಾಗಿರತ್ತೆ. ಸಾಣೆ ಹಿಡಿಯಕ್ಕೆ ಬರ್ತೀನಿ."